ಹಳೆಯ ಬಗೆಯ ಆಟ, ಹಿರಿಯ ವಯಸ್ಸಿನ ಆಟಗಾರ

ಆಟವೆಂಬುದು ಎಳೆಯರ ಸ್ವತ್ತು, ವಯಸ್ಸಾದವರು ಅದರಿಂದ ದೂರ ಸರಿಯುವುದೇ ಲೇಸು ಎಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಇನ್ನೂ ಬೇರೂರಿದೆ. ವಿಡಿಯೋ ಆಟಗಳ ಮಾತು ಬಂದರಂತೂ ಅದು ತಿರಸ್ಕಾರದ ರೂಪವನ್ನೇ ತಾಳುತ್ತದೆ. ಆದರೆ ಜಪಾನಿನಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಹೊರಬಂದುದು ೧೯೮೬ರಲ್ಲಿ. 'ಫೈನಲ್ ಫ್ಯಾಂಟಸಿ' ೧೯೮೭ರಲ್ಲಿ. ಆಗ ಹದಿನೈದರ ಹರೆಯದಲ್ಲಿ ಇವುಗಳಲ್ಲಿ ಮೈಮರೆತವರು ಈಗ ಐವತ್ತನ್ನು ದಾಟಿದ್ದಾರೆ. ಆ ಹಳೆಯ ಮಾದರಿಯನ್ನು ಅನುಸರಿಸಿ ಈಚೆಗೆ ರಚಿತವಾಗುತ್ತಿರುವ, ಪಾತ್ರವಹಿಸಿ ಆಡುವ ಆಟಗಳು ಇಂಥವರಿಗೆ ಒಪ್ಪುತ್ತವೆಯೇ?

ಸ್ಕ್ವೇರ್ ಎನಿಕ್ಸ್ ಮತ್ತು ಅಕ್ವೈರ್ ಸಂಸ್ಥೆಗಳು ಕೂಡಿ ರಚಿಸಿ, ೨೦೧೮ರ ಜುಲೈ ತಿಂಗಳಲ್ಲಿ ನಿಂಟೆಂಡೋ ಸ್ವಿಚ್ ಯಂತ್ರಕ್ಕಾಗಿ ಹೊರಬಂದ 'ಆಕ್ಟೋಪಾತ್ ಟ್ರಾವೆಲರ್' ಇದಕ್ಕೆ ಒಳ್ಳೆಯ ನಿದರ್ಶನ. ಅದರ ಪಾತ್ರಗಳು ಹಳೆಯ ಕಾಲದ ಪಿಕ್ಸೆಲ್ ಗೊಂಬೆಗಳು. ಅವುಗಳ ಮೇಲೆ ಬೀಳುವ ಬೆಳಕು, ನೀರಿನ ಹೊಳಪು ಮಾತ್ರ ಇಂದಿನವು. ಹಳೆಯ ನೆನಪೇ ಇದರ ಆಕರ್ಷಣೆಯೆನ್ನುವವರುಂಟು. ನೆನಪಿನ ಸವಿ ಒಂದೆರಡು ಗಂಟೆಗಳಲ್ಲಿ ಕರಗುವಂಥದು. ಆಮೇಲೂ ಆಟಗಾರನನ್ನು ಹಿಡಿದು ನಿಲ್ಲಿಸುವ ಗುಣ ಬೇರೆಯೇ ಇರಬೇಕು.

ಆ ಗುಣ ಇದರ ಸರದಿಯ ಕದನದಲ್ಲಿದೆ. ಆಟಗಾರನ ಸರದಿ ಬಂದಾಗ, ಅವನು ಯೋಚಿಸಿ ನಿರ್ಧರಿಸುವವರೆಗೂ ವೈರಿ ಕಾದಿರುತ್ತಾನೆ. ಪ್ರತಿ ವೈರಿಗೂ ಕೆಲವು ದೌರ್ಬಲ್ಯಗಳುಂಟು. ತಕ್ಕ ಆಯುಧವನ್ನು ಕಂಡುಕೊಂಡು ಹೊಡೆದರೆ ಅವನ ರಕ್ಷಣೆ ಕುಸಿಯುತ್ತದೆ. ಸರದಿಗೊಂದರಂತೆ ಕೂಡುವ ಬಲವನ್ನು ಐದರವರೆಗೆ ಕಾದಿಟ್ಟು, ಒಮ್ಮೆಗೆ ಮೂರರವರೆಗೆ ವೆಚ್ಚ ಮಾಡಬಹುದು. ಇಲ್ಲಿ ಬೇಕಾದುದು ಬೆರಳಿನ ವೇಗವಲ್ಲ, ಸಮಯಜ್ಞಾನ. ಇದು ವಯಸ್ಸು ಕಿತ್ತುಕೊಳ್ಳುವ ಸಂಪತ್ತಲ್ಲ.

ಪಾತ್ರಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಇಂಥ ಆಟಗಳ ನಾಯಕರು ಸಾಮಾನ್ಯವಾಗಿ ಮೀಸೆ ಮೂಡದ ಹುಡುಗರು. ಇಲ್ಲಿಯ ಓಲ್ಬೆರಿಕ್ ಹಾಗಲ್ಲ. ಗೆಳೆಯನ ದ್ರೋಹದಿಂದ ದೊರೆಯನ್ನೂ ರಾಜ್ಯವನ್ನೂ ಕಳೆದುಕೊಂಡು, ಹೆಸರು ಮರೆಸಿ, ಹಳ್ಳಿಯೊಂದರ ಕಾವಲಿಗನಾಗಿ ಬದುಕುತ್ತಿರುವ ಯೋಧ ಅವನು. ಇನ್ನು ಯಾರಿಗಾಗಿ ಖಡ್ಗ ಹಿಡಿಯಬೇಕು ಎಂಬ ಅವನ ಪ್ರಶ್ನೆ ಬಾಳಿನಲ್ಲಿ ಏನನ್ನಾದರೂ ಕಳೆದುಕೊಂಡವನಿಗೇ ಚೆನ್ನಾಗಿ ಅರ್ಥವಾಗುವಂಥದು.

ದೋಷಗಳಿಲ್ಲವೆಂದಲ್ಲ. ದಂಡಿಯ 'ದಶಕುಮಾರಚರಿತ'ದಲ್ಲಿ ಚದುರಿಹೋದ ಕುಮಾರರು ಮತ್ತೆ ಕಲೆತು ರಾಜವಾಹನನ ಮುಂದೆ ತಂತಮ್ಮ ಕಥೆಗಳನ್ನು ಹೇಳುತ್ತಾರೆ. ಈ ಆಟದ ಎಂಟು ಪಯಣಿಗರು ಜೊತೆಯಾಗಿ ನಡೆದರೂ, ದಾರಿಯ ಹರಟೆಯ ಹೊರತು ಒಬ್ಬರ ಕಥೆಯಲ್ಲಿ ಮತ್ತೊಬ್ಬರಿಗೆ ಪಾಲಿಲ್ಲ. ಎಂಟು ಕಥೆಗಳನ್ನು ಬೆಸೆಯುವ ರಹಸ್ಯವನ್ನು ಕಟ್ಟಕಡೆಯ ಐಚ್ಛಿಕ ಘಟ್ಟವೊಂದರಲ್ಲಿ ಬಚ್ಚಿಡಲಾಗಿದೆ. ಅಲ್ಲಿ ಎಂಟು ವೈರಿಗಳನ್ನು ಮತ್ತೆ ಗೆದ್ದು, ಅದರ ಮೇಲೆ ಗಾಲ್ಡೆರಾ ಎಂಬ ದೈತ್ಯನನ್ನು ಎದುರಿಸಬೇಕು. ನಡುವೆ ಆಟವನ್ನು ಉಳಿಸಿಡಲು ಅವಕಾಶವಿಲ್ಲ. ಕೊನೆಯಲ್ಲಿ ಸೋತರೆ ಎಲ್ಲವೂ ಮೊದಲಿನಿಂದ! ಹಿರಿಯನಲ್ಲಿ ಕಡಿಮೆಯಾಗಿರುವುದು ಬುದ್ಧಿಯಲ್ಲ, ಬಿಡುವು. ಕಚೇರಿಯನ್ನೂ ಸಂಸಾರವನ್ನೂ ತೂಗಿಸಿ ಉಳಿಸಿಕೊಂಡ ಸಂಜೆಯೊಂದನ್ನು ಹೀಗೆ ಒರೆಸಿಹಾಕುವುದು ಕಾಠಿಣ್ಯವೆನಿಸದು, ಔದಾಸೀನ್ಯವೆನಿಸುತ್ತದೆ. ಹಳೆಯ ಆಟಗಳಿಂದ ಕಲಿಯಬೇಕಾದುದನ್ನು ಕಲಿತವರು ಬಿಡಬೇಕಾದುದನ್ನೂ ಬಿಡಬೇಕಿತ್ತು.

ಆದರೂ ಒಟ್ಟಿನಲ್ಲಿ ಈ ಆಟ ಹಿರಿಯರಿಗೆ ಒಪ್ಪುವಂಥದೇ. ಅವರು ಎಂಟು ಕಥೆಗಳನ್ನು ಸಾವಕಾಶವಾಗಿ ಮುಗಿಸಲಿ. ಕೊನೆಯ ಘಟ್ಟವನ್ನು ಏರದಿದ್ದರೆ ನಾಚಬೇಕಾದುದಿಲ್ಲ. ಇಂಥ ಆಟಗಳನ್ನು ಮುಂದೆ ಕಟ್ಟುವವರು ಮಾತ್ರ, ತಮ್ಮ ಕಥೆಯ ತಿರುಳನ್ನು ಬಿಡುವುಳ್ಳವರಿಗಷ್ಟೇ ಮೀಸಲಿಡದಿರಲಿ.