ಮುಖಂಡರೇ, ಡಿಪೊಗೆ ಬಂದು ಮತ ಕೇಳಿ

ಸಾರಿಗೆ ನೌಕರರ ಸಂಘಟನೆಗಳ ಮುಖಂಡರೇ,

ನಾಲ್ಕು ವರ್ಷಕ್ಕೊಮ್ಮೆ ಆಗಬೇಕಾದ ವೇತನ ಪರಿಷ್ಕರಣೆ 2020ರ ಜನವರಿಯಲ್ಲಿ ತಪ್ಪಿತು. ಶೇ 15ರ ಹೆಚ್ಚಳ ಜಾರಿಗೆ ಬಂದದ್ದು 2023ರ ಮಾರ್ಚ್‌ನಲ್ಲಿ. ನಡುವಿನ 38 ತಿಂಗಳ ಹಿಂಬಾಕಿಯ ಮಾತು ಮುಗಿಯುವ ಮೊದಲೇ 2024ರ ಜನವರಿಯ ಗಡುವೂ ದಾಟಿತು. ಕೊಡಬೇಕಾದವರು ರಾಜ್ಯ ಸರ್ಕಾರ ಮತ್ತು ನಾಲ್ಕು ಸಾರಿಗೆ ನಿಗಮಗಳು. ಆ ಹೊಣೆಯಿಂದ ಅವರು ನುಣುಚಿಕೊಳ್ಳುವಂತಿಲ್ಲ. ಆದರೆ ಇಷ್ಟು ವರ್ಷ ಸತಾಯಿಸುವ ಧೈರ್ಯ ಅವರಿಗೆ ಎಲ್ಲಿಂದ ಬಂತು? ನಾಲ್ಕು ಬಣಗಳು ನಾಲ್ಕು ಮನವಿ ಪತ್ರ ಹಿಡಿದು ಬಂದರೆ ಯಾರನ್ನು ಒಳಗೆ ಕರೆಯಬೇಕು, ಯಾರನ್ನು ಹೊರಗೆ ಕೂರಿಸಬೇಕು ಎಂಬುದನ್ನು ಅಧಿಕಾರಿಗಳೇ ತೀರ್ಮಾನಿಸುತ್ತಾರೆ. ಆ ಅಧಿಕಾರವನ್ನು ಅವರ ಕೈಗೆ ಕೊಟ್ಟವರು ನೀವು.

2021ರ ಏಪ್ರಿಲ್ 7ರಂದು ಆರನೇ ವೇತನ ಆಯೋಗದ ಸಂಬಳ ಕೇಳಿ ಒಂದು ಕೂಟ ಬಸ್ ನಿಲ್ಲಿಸಿತು. ಹಳೆಯ ಸಂಘಟನೆಗಳು ದೂರ ನಿಂತವು. ಹೈಕೋರ್ಟ್ ಹೇಳಿದ ಮೇಲೆ ಎರಡು ವಾರಕ್ಕೆ ಮುಷ್ಕರ ನಿಂತಿತು. ಅಷ್ಟರಲ್ಲಿ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳಿಗೆ ವಜಾ, ಅಮಾನತು, ವರ್ಗಾವಣೆಯ ಪತ್ರಗಳು ಬಂದಿದ್ದವು. 2025ರ ಆಗಸ್ಟ್ 5ರಂದು ಬೇರೆ ಸಂಘಟನೆಗಳು ಮುಷ್ಕರ ಹೂಡಿದವು. ಹೈಕೋರ್ಟ್ ತಡೆಯಿತ್ತು, ಒಂದೇ ದಿನದಲ್ಲಿ ಹಿಂದೆ ಸರಿದವು.

ವಜಾ ಆದವನ ಮನೆಯನ್ನು ಒಮ್ಮೆ ನೆನೆಯಿರಿ. ಸಂಬಳವಿಲ್ಲ, ಸೊಸೈಟಿ ಸಾಲದ ಕಂತು ನಿಲ್ಲುವುದಿಲ್ಲ, ಮಗಳ ಕಾಲೇಜಿನ ಫೀಸು ಕಾಯುವುದಿಲ್ಲ. ಲೇಬರ್ ಕೋರ್ಟಿನಲ್ಲಿ ತಾರೀಖಿನ ಮೇಲೆ ತಾರೀಖು. ವಕೀಲರ ಫೀಸಿಗೆ ಯಾವ ಬಣವನ್ನು ಕೇಳಬೇಕು ಅವನು? ಅವನು ಮುಷ್ಕರಕ್ಕೆ ಇಳಿದದ್ದು ಯಾರನ್ನೋ ನಾಯಕರನ್ನಾಗಿ ಮಾಡಲು ಅಲ್ಲ. ದೂರದ ಹಳ್ಳಿಯಲ್ಲಿ ನೈಟ್ ಹಾಲ್ಟ್ ಮಾಡಿ ಬಸ್ಸಿನ ಸೀಟಿನ ಮೇಲೆಯೇ ಮಲಗಿ, ನಸುಕಿಗೆ ಎದ್ದು ಸ್ಟೇರಿಂಗ್ ಹಿಡಿಯುವ ದುಡಿಮೆಗೆ ಸಲ್ಲಬೇಕಾದ ಹಣ ಕೇಳಲು.

2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಮುಷ್ಕರದ ಹಕ್ಕನ್ನು ಅದು ಬಿಗಿ ಮಾಡಿದ್ದಕ್ಕೆ ನನ್ನ ವಿರೋಧವಿದೆ. ಆದರೂ ಒಂದು ಮಾತನ್ನು ಅದು ಸ್ಪಷ್ಟವಾಗಿ ಹೇಳುತ್ತದೆ: ಶೇ 51ರಷ್ಟು ನೌಕರರ ಬೆಂಬಲವಿರುವ ಸಂಘವೇ ಮಾತುಕತೆಗೆ ಕೂರಬೇಕು, ಅಂಥ ಸಂಘ ಇಲ್ಲದಿದ್ದರೆ ಕನಿಷ್ಠ ಶೇ 20 ಬೆಂಬಲವಿರುವ ಸಂಘಗಳ ಮಂಡಳಿ. ಹಾಗಿದ್ದ ಮೇಲೆ ಆ ಬೆಂಬಲ ಯಾರಿಗಿದೆ ಎಂದು ತೋರಿಸುವ ಮತಕ್ಕೆ ಏಕೆ ಅಂಜುತ್ತೀರಿ? ನಾಲ್ಕೂ ನಿಗಮಗಳ ಡಿಪೊಗಳಲ್ಲಿ ಗುಪ್ತ ಮತದಾನ ನಡೆಸಿ ಎಂದು ನೀವೇ ಒಟ್ಟಾಗಿ ಪಟ್ಟು ಹಿಡಿಯಿರಿ. ಸೋತವರು ಗೆದ್ದವರ ಬೆನ್ನಿಗೆ ನಿಲ್ಲಿ. ವಜಾ ಆದವರ ಪ್ರಕರಣಗಳನ್ನು ಬಣ ನೋಡದೆ ಒಂದೇ ನಿಧಿಯಿಂದ ನಡೆಸಿ. ಮುಂದಿನ ಸಭೆಗೆ ಒಂದೇ ಬೇಡಿಕೆ ಪಟ್ಟಿ ಹಿಡಿದು ಹೋಗಿ.