ಕಬ್ಬಿನ ಬೆಂಕಿ, ಖಾಲಿ ಕುರ್ಚಿ

ದೀಪಾವಳಿ ಮುಗಿಯುತ್ತಿದ್ದಂತೆ ಬಾಗಲಕೋಟೆ ಜಿಲ್ಲೆಯ ಲೋಕಾಪುರದ ದಾರಿಗಳು ಕಬ್ಬಿನ ಟ್ರ್ಯಾಕ್ಟರ್‌ಗಳ ಪಾಲಾಗುತ್ತವೆ. ಹಿಂದೆ ಎರಡೆರಡು ಟ್ರೇಲರ್, ಮುಂದೆ ಕಿವಿಗಡಚಿಕ್ಕುವ ಹಾಡು. ಬಸ್ಸಿನವರು ಬೈಯುತ್ತಾರೆ, ಅಂಗಡಿಕಾರರು ಖುಷಿಪಡುತ್ತಾರೆ. ಕಬ್ಬಿನ ಬಿಲ್ ಬಂದರೇನೇ ಇಲ್ಲಿ ಮದುವೆ, ಸಾಲ, ಫೀಸು ಎಲ್ಲದಕ್ಕೂ ದಾರಿ. 2025ರ ನವೆಂಬರ್‌ನಲ್ಲಿ ಮಾತ್ರ ಈ ಗಾಡಿಗಳು ನಿಂತವು, ಕೆಲವು ಸುಟ್ಟೂಹೋದವು.

ಹೋರಾಟ ಶುರುವಾದದ್ದು ಪಕ್ಕದ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ. ಕಟಾವು, ಸಾಗಣೆಯ ಖರ್ಚು ಬಿಟ್ಟು ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ರಸ್ತೆಯಲ್ಲೇ ಕೂತರು. ನವೆಂಬರ್ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಭೆ ನಡೆಸಿ 3,300 ರೂಪಾಯಿಯ ಸೂತ್ರ ಹೇಳಿದರು. ಗುರ್ಲಾಪುರದವರು ಒಪ್ಪಿದರು, ಇತ್ತ ಮುಧೋಳ ಭಾಗದ ರೈತರು ಒಪ್ಪಲಿಲ್ಲ. 13ರ ಸಂಜೆ ಸಮೀರವಾಡಿ ಸಕ್ಕರೆ ಕಾರ್ಖಾನೆಯ ಬಳಿ ಕಬ್ಬು ತುಂಬಿದ ಟ್ರೇಲರ್‌ಗಳಿಗೆ ಬೆಂಕಿ ಬಿತ್ತು. ಕಲ್ಲು ತೂರಾಟವಾಯಿತು, ನಿಷೇಧಾಜ್ಞೆ ಬಂತು. ಬೆಂಕಿ ಹಚ್ಚಿದವರು ನಾವಲ್ಲ ಎಂದರು ರೈತ ಮುಖಂಡರು. ಯಾರು ಎಂಬುದನ್ನು ಪೊಲೀಸರು, ನ್ಯಾಯಾಲಯ ನೋಡಿಕೊಳ್ಳಲಿ. ಉರಿದ ಕಬ್ಬು ಮಾತ್ರ ಯಾವನೋ ರೈತ ವರ್ಷವಿಡೀ ನೀರು ಹಾಯಿಸಿ ಬೆಳೆದದ್ದೇ.

ಜಗಳ ಬರೀ ದರದ್ದಾಗಿದ್ದರೆ ಇಷ್ಟು ಕಾವೇರುತ್ತಿರಲಿಲ್ಲ. ಕೇಂದ್ರ ಸರ್ಕಾರದ 2025–26ರ ನ್ಯಾಯಯುತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ, ಶೇ 10.25 ಸಕ್ಕರೆ ಇಳುವರಿಗೆ (ರಿಕವರಿ) ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ 0.1ರಷ್ಟು ಏರಿದರೆ 3.46 ರೂಪಾಯಿ ಹೆಚ್ಚು. ಇದರಲ್ಲಿ ಕಟಾವು ಮತ್ತು ಸಾಗಣೆಯ ಖರ್ಚು ಕಳೆದು ಉಳಿದದ್ದು ರೈತನಿಗೆ. ಲೆಕ್ಕವೇನೋ ನೆಟ್ಟಗಿದೆ. ಆದರೆ ಕಬ್ಬು ತೂಗುವುದು ಕಾರ್ಖಾನೆಯ ಕಾಟಾ, ರಿಕವರಿ ಅಳೆಯುವುದು ಕಾರ್ಖಾನೆಯ ಲ್ಯಾಬ್, ಕಟಾವಿನ ಖರ್ಚು ಹಿಡಿಯುವುದು ಕಾರ್ಖಾನೆಯ ಆಫೀಸು. ಹದಿನಾಲ್ಕು ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಶೇ 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಡ್ಡಿಯನ್ನು ಕೇಳಿ ಪಡೆಯುವುದು ಎರಡು ಎಕರೆಯ ರೈತನಿಂದ ಆಗುವ ಕೆಲಸವೇ? ಅಪನಂಬಿಕೆ ಹುಟ್ಟುವುದು ಇಲ್ಲಿಯೇ. ಅದನ್ನು ಬೆಂಗಳೂರಿನ ಸಭೆಯೊಂದು ನಿವಾರಿಸಲಾರದು.

ಹಾಗಾದರೆ ಈ ದೂರನ್ನು ಮೊದಲೇ ಯಾರಿಗೆ ಹೇಳಬೇಕಿತ್ತು? ತಾಲ್ಲೂಕು ಪಂಚಾಯಿತಿ ಸದಸ್ಯರಿಗೆ, ಜಿಲ್ಲಾ ಪಂಚಾಯಿತಿ ಸದಸ್ಯರಿಗೆ ಎನ್ನಬಹುದಿತ್ತು, ಅವರಿದ್ದಿದ್ದರೆ. ಕರ್ನಾಟಕದಲ್ಲಿ ಈ ಎರಡು ಹಂತಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎನ್ನುತ್ತಲೇ ವರ್ಷಗಳು ಕಳೆದವು, ಆಡಳಿತಾಧಿಕಾರಿಗಳು ಬಂದು ಕೂತರು. ಪಂಚಾಯಿತಿಯ ಅವಧಿ ಐದು ವರ್ಷ ಮೀರಬಾರದು ಎನ್ನುವ ಸಂವಿಧಾನದ 243ಇ ವಿಧಿ ಪುಸ್ತಕದಲ್ಲಿ ಹಾಗೇ ಇದೆ. ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಕಟ್ಟಿದ ವ್ಯವಸ್ಥೆಯಲ್ಲಿ 1987ರಷ್ಟು ಹಿಂದೆಯೇ ಜಿಲ್ಲಾ ಪರಿಷತ್ತಿಗೆ, ಮಂಡಲ ಪಂಚಾಯಿತಿಗೆ ಜನ ಮತ ಹಾಕಿದ್ದರು, ಹೆಣ್ಣುಮಕ್ಕಳಿಗೆ ಕಾಲುಭಾಗ ಸೀಟು ಕೊಟ್ಟಿದ್ದರು. ದೇಶಕ್ಕೆ ಪಾಠ ಹೇಳಿದ ರಾಜ್ಯದ ಗತಿ ಇದು! ಹಳ್ಳಿಯ ಮೆಂಬರಿಗೂ ಜಿಲ್ಲಾ ಉಸ್ತುವಾರಿ ಸಚಿವರಿಗೂ ನಡುವೆ ಚುನಾಯಿತರ ಕುರ್ಚಿ ಆ ನವೆಂಬರ್‌ನಲ್ಲೂ ಖಾಲಿಯೇ ಇತ್ತು. ಸಿಟ್ಟು ಸೀದಾ ರಸ್ತೆಗೆ ಬಾರದೆ ಎಲ್ಲಿಗೆ ಹೋದೀತು?

ಈ ಸೀಮೆಯ ಜನಕ್ಕೆ ಸಂಘಟನೆ ಗೊತ್ತಿಲ್ಲ ಎನ್ನುವವರು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಗೆ ಹೋಗಿ ಬರಲಿ. ಬೇಸಿಗೆಯಲ್ಲಿ ಕೃಷ್ಣೆ ಬತ್ತುತ್ತಿದ್ದಳು, ಸರ್ಕಾರ ಕೈ ಹಾಕಲಿಲ್ಲ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ತಾವೇ ವಂತಿಗೆ ಹಾಕಿ, ತಾವೇ ದುಡಿದು 1989ರಲ್ಲಿ ಬ್ಯಾರೇಜ್ ಎಬ್ಬಿಸಿದರು. ಹೆಸರು ಶ್ರಮಬಿಂದು ಸಾಗರ. ಎರಡು ವರ್ಷದ ನಂತರ ಲೋಕಸಭಾ ಚುನಾವಣೆಯಲ್ಲಿ ಇದೇ ನ್ಯಾಮಗೌಡರು ರಾಮಕೃಷ್ಣ ಹೆಗಡೆಯವರಂಥ ಘಟಾನುಘಟಿಯನ್ನೇ ಬಾಗಲಕೋಟೆಯಲ್ಲಿ ಸೋಲಿಸಿದರು. ‘ಬ್ಯಾರೇಜ್ ಸಿದ್ದು’ ಎಂಬ ಹೆಸರು ಅವರಿಗೆ ಸುಮ್ಮನೆ ಬರಲಿಲ್ಲ.

ಶ್ರಮಬಿಂದುವನ್ನು ಹೊಗಳುವಾಗ ಇನ್ನೊಂದು ಮಾತನ್ನೂ ಹೇಳಬೇಕು: ಆ ನೀರು ಹೋದದ್ದು ಹೊಲ ಇದ್ದವರ ಹೊಲಕ್ಕೆ. ಕಬ್ಬಿನ ಮಾತುಕತೆಯ ಕತೆಯೂ ಇದೇ. ರೈತ ಸಂಘದ ಮುಖಂಡರು, ಕಾರ್ಖಾನೆಯವರು, ಅಧಿಕಾರಿಗಳು, ಸಚಿವರು ಕೂಡುತ್ತಾರೆ. ನಸುಕಿನಲ್ಲೆದ್ದು ಗದ್ದೆಗಿಳಿಯುವ ಕಟಾವು ಗ್ಯಾಂಗಿನ ಗಂಡ ಹೆಂಡತಿ ಅಲ್ಲಿರುವುದಿಲ್ಲ. ಮುಕಾದಮನಿಂದ, ಅಂದರೆ ಗ್ಯಾಂಗಿನ ಮೇಸ್ತ್ರಿಯಿಂದ, ಮುಂಗಡ ಪಡೆದು, ಮಕ್ಕಳ ಶಾಲೆ ಬಿಡಿಸಿ, ಹೊಲದ ಬದಿಯ ಗುಡಿಸಲಿಗೆ ಬಂದವರು ಅವರು. ಕಾರ್ಖಾನೆ ಒಂದು ವಾರ ನಿಂತರೆ ರೈತನ ಕಬ್ಬು ಒಣಗುತ್ತದೆ, ಇವರ ಒಲೆ ಅಂದೇ ಆರುತ್ತದೆ. ಹೊಲದಲ್ಲಿ ಅರ್ಧ ಕೆಲಸ ಮಾಡುವ ಹೆಂಗಸರ ಹೆಸರು ಪಹಣಿಯಲ್ಲಿ ಇಲ್ಲದ ಕಾರಣಕ್ಕೆ ಸಭೆಯಲ್ಲೂ ಇರುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸೀಟು ಮಹಿಳೆಯರಿಗಿದೆ, ಪರಿಶಿಷ್ಟರಿಗೂ ಮೀಸಲಿದೆ. ಕಬ್ಬಿನ ವಿಷಯ ಒಮ್ಮೆ ಗ್ರಾಮಸಭೆಗೆ ಬಂದರೆ ಇವರ ದನಿಯೂ ಕೇಳಿಸುತ್ತದೆ. ಈಗ ಅಲ್ಲಿ ಮನೆ ಹಂಚಿಕೆ, ಉದ್ಯೋಗ ಖಾತ್ರಿ ಪಟ್ಟಿ ಓದಿ ಸಹಿ ಹಾಕಿಸಿಕೊಂಡರೆ ಮುಗಿಯಿತು.

ದರದ ಜಗಳಕ್ಕೆ ಬೇರೆ ದಾರಿಯೂ ಇದೆ: ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯದಲ್ಲಿ 1999ರಿಂದ ಕಾನ್ಸೆಕಾನಾ ಎಂಬ ಮಂಡಳಿಯಿದೆ. ಬೆಳೆಗಾರರಿಗೂ ಕಾರ್ಖಾನೆಗಳಿಗೂ ಅದರಲ್ಲಿ ಸಮಪಾಲು. ಸಕ್ಕರೆ, ಎಥೆನಾಲ್ ಮಾರಾಟದ ಬೆಲೆಗೆ ತಕ್ಕಂತೆ ಕಬ್ಬಿನ ದರ ಕಟ್ಟುವ ಸೂತ್ರವನ್ನು ಇಬ್ಬರೂ ಕೂತು ಮಾಡಿಕೊಂಡಿದ್ದಾರೆ. ನಮ್ಮಲ್ಲೂ 2012ರಲ್ಲಿ ರಂಗರಾಜನ್ ಸಮಿತಿ, ಸಕ್ಕರೆ ಮತ್ತು ಉಪಉತ್ಪನ್ನಗಳ ಆದಾಯದಲ್ಲಿ ಶೇ 70 ಬೆಳೆಗಾರನಿಗೆ ಎಂದಿತ್ತು. 2013ರ ಕಾಯ್ದೆಯಡಿ ರಾಜ್ಯ ಮಟ್ಟದ ಕಬ್ಬು ನಿಯಂತ್ರಣ ಮಂಡಳಿಯೂ ಇದೆ. ಮಂಡಳಿ ಬೆಂಗಳೂರಿನಲ್ಲಿದ್ದು ಕಾಟಾ ಸಮೀರವಾಡಿಯಲ್ಲಿದ್ದರೆ ಏನು ಬಂತು?

ಮುಂದಿನ ತಕರಾರು ಆಗಲೇ ಬಾಗಿಲಲ್ಲಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಆಲಮಟ್ಟಿ ಜಲಾಶಯದ ನೀರಿನ ಮಟ್ಟ 519.60 ಮೀಟರ್‌ನಿಂದ 524.256ಕ್ಕೆ ಏರಬೇಕು, 75,563 ಎಕರೆ ಮುಳುಗಡೆ. ಬೀಳಗಿ, ಜಮಖಂಡಿಯ ಹಳ್ಳಿಗಳೂ ಇದರಲ್ಲಿವೆ. 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ಎಕರೆಗೆ ನೀರಾವರಿ ಭೂಮಿಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ ರೂಪಾಯಿ ನಿಗದಿಪಡಿಸಿತು. ಜಮೀನಿದ್ದವನಿಗೆ ಲೆಕ್ಕವಿದೆ. ಕೂಲಿಯವನಿಗೆ, ಲಾವಣಿಗೆ ಹೊಲ ಮಾಡುವವನಿಗೆ, ನದಿಯಲ್ಲಿ ಮೀನು ಹಿಡಿಯುವವನಿಗೆ ಏನು ಎಂಬುದು ಅವರಿರುವ ಗ್ರಾಮಸಭೆಯಲ್ಲಿ, ಅವರೆದುರೇ ಚರ್ಚೆಯಾಗಬೇಕು.

ಹೀಗಾಗಿ ಕೇಳಬೇಕಾದ್ದು ದೊಡ್ಡದೇನಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆಗೆ ತಾರೀಖು. ಅದು ಆಗುವವರೆಗೆ ಪ್ರತಿ ಹಂಗಾಮಿಗೆ ಮೊದಲು, ಕಾರ್ಖಾನೆ ಬಾಯ್ಲರ್ ಹೊತ್ತಿಸುವುದಕ್ಕೂ ಮುಂಚೆ, ತಾಲ್ಲೂಕು ಮಟ್ಟದಲ್ಲಿ ಬಹಿರಂಗ ಸಭೆ. ವಿಷಯ ನಾಲ್ಕೇ: ತೂಕ, ರಿಕವರಿ, ಕಟಾವಿನ ಸರದಿ, ಬಿಲ್ಲಿನ ದಿನಾಂಕ. ನಡಾವಳಿಯನ್ನು ಪಂಚಾಯಿತಿ ಕಟ್ಟೆಗೆ ಅಂಟಿಸಲಿ. ಆ ಸಭೆಗೆ ಕಟಾವು ಗ್ಯಾಂಗಿನಿಂದ ಇಬ್ಬರನ್ನು, ಅದರಲ್ಲಿ ಒಬ್ಬ ಹೆಣ್ಣುಮಗಳನ್ನು, ಆ ದಿನದ ಕೂಲಿ ಕೊಟ್ಟು ಕರೆಸಲಿ.