ಗಡಿಗೆಯಲ್ಲಿ ಇದ್ದದ್ದು ಬೆಣ್ಣೆ

ಕಳೆದ ವಾರದ ಪುರವಣಿಯ ಲೇಖನ ಓದಿದೆ. ಹಳೆಯ ಬಾಲಕೃಷ್ಣ ಪಟಗಳಲ್ಲಿನ ಒಡೆದ ಗಡಿಗೆ ‘ಕ್ಷಣಿಕ ಬದುಕಿನ ಸಂಕೇತ’ವಂತೆ! ಈ ಅರ್ಥ ಎಲ್ಲಿಂದ ಬಂತೆಂದು ಊಹಿಸಬಲ್ಲೆ. 1594ರಲ್ಲಿ ಡಚ್ ಕಲಾವಿದ ಗೋಲ್ಟ್ಸಿಯಸ್ ಕೆತ್ತಿದ ಚಿತ್ರದಲ್ಲಿ ತಲೆಬುರುಡೆಗೆ ಒರಗಿದ ಮಗು ಸಾಬೂನಿನ ಗುಳ್ಳೆ ಊದುತ್ತದೆ. ಅಲ್ಲಿ ಸಾವು ಎದ್ದು ಕಾಣುತ್ತದೆ, ಒಪ್ಪಿದೆ. ನಮ್ಮ ಗಡಿಗೆಯ ಪಕ್ಕ ಬುರುಡೆ ಎಲ್ಲಿದೆ ಸ್ವಾಮಿ?

ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ ಮೇಲೆ ಕಲ್ಲಚ್ಚಿನ ದೇವರುಗಳು ಮನೆಮನೆಯ ಗೋಡೆಗೆ ಬಂದವು. ಹಳೇ ಹುಬ್ಬಳ್ಳಿಯ ನಮ್ಮ ಪಡಸಾಲೆಯಲ್ಲೂ ಒಬ್ಬ ಬೆಣ್ಣೆಕೃಷ್ಣನಿದ್ದ. ಅಜ್ಜಿ ಅವನ ಪೀತಾಂಬರಕ್ಕೆ ಹಳೆ ಸೀರೆಯ ಜರಿ ಕತ್ತರಿಸಿ ಅಂಟಿಸಿದ್ದಳು. ಅಂಟು ಒಣಗಿ ಒಂದು ತುದಿ ಎದ್ದು ನಿಂತಿತ್ತು. ಪಟದಲ್ಲಿದ್ದ ನೆಲುವಿನಂಥದೇ ಒಂದು ಅಡುಗೆಮನೆಯಲ್ಲೂ ತೂಗುತ್ತಿತ್ತು. ‘ಮ್ಯಾಲ ಇಡದಿದ್ರ ಬೆಕ್ಕು ಬಿಡತೈತೇನು?’ ಅನ್ನುತ್ತಿದ್ದಳು. ಅವಳ ಲೆಕ್ಕದಲ್ಲಿ ಕೃಷ್ಣನೂ ಬೆಕ್ಕೂ ಒಂದೇ ಜಾತಿಯ ಕಳ್ಳರು.

ಸಂಕೇತವೇ ಇಲ್ಲ ಎನ್ನುತ್ತಿಲ್ಲ. ಉಡುಪಿಯ ಕೃಷ್ಣನ ಬಲಗೈಯ ಕಡಗೋಲಿಗೆ, ಎಡಗೈಯ ಹಗ್ಗಕ್ಕೆ ಅರ್ಥ ಹೇಳುವವರು ಬೇಕಾದಷ್ಟಿದ್ದಾರೆ. ಆದರೆ ಅವರಾರೂ ಅದು ಮೊಸರು ಕಡೆಯುವ ಕೋಲೆಂಬುದನ್ನು ಮರೆತವರಲ್ಲ.

ಲೇಖಕರು ಆ ಪಟವನ್ನು ಇನ್ನೊಮ್ಮೆ ನೋಡಲಿ. ಗಡಿಗೆ ಒಡೆದಿದೆ, ಹುಡುಗ ನಗುತ್ತಿದ್ದಾನೆ.